ಓದುಗರ ಪ್ರಶ್ನೆ – ನಮ್ಮ ಉತ್ತರ: ವೆಲೊಡ್ರೋಮಿನ ಟಯರುಗಳು ಮತ್ತು ಬೀಳುವಿಕೆಗಳು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ವೆಲೊಡ್ರೋಮ್ ಎಂದರೇನು ಎಂಬ ಪ್ರಶ್ನೆಗೆ, ಅದು ಸೈಕಲ್ ಪಂದ್ಯಗಳಿಗೆಂದೇ ಕಟ್ಟಿದ, ತಿರುವುಗಳಲ್ಲಿ ಓರೆಯಾಗಿ ಎತ್ತರಿಸಿದ ಅಂಡಾಕಾರದ ಓಟಪಥವೆಂದು ಚುಟುಕಾಗಿ ಉತ್ತರಿಸಲಾಗಿತ್ತು. ಅದನ್ನು ಓದಿದವರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಟಯರು ಸಿಡಿಯುವುದರ ಬಗ್ಗೆ, ಸವಾರರು ಬೀಳುವುದರ ಬಗ್ಗೆಯೇ ಇದ್ದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ರಸ್ತೆಯ ಸೈಕಲ್ ಪಂದ್ಯಗಳಲ್ಲಿ ಒಳ್ಳೆಯ ಹೆಸರು ಮಾಡಿದ್ದಾಳೆ. ಈಗ ತಿರುವನಂತಪುರದ ವೆಲೊಡ್ರೋಮಿನಲ್ಲಿ ತರಬೇತಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಮುಂದಿನವನ ಟಯರು ಸಿಡಿದು ಹಿಂದಿದ್ದ ಐದಾರು ಮಂದಿ ಒಬ್ಬರ ಮೇಲೊಬ್ಬರು ಬಿದ್ದರು. ಆ ಸೈಕಲ್ಲಿಗೆ ಬ್ರೇಕೂ ಇಲ್ಲವಂತೆ. ಟಯರು ಹಾಗೆ ಯಾಕೆ ಸಿಡಿಯುತ್ತದೆ? ಮಗಳನ್ನು ಕಳಿಸಬಹುದೇ? – ಓರ್ವ ತಾಯಿ, ಕಾಪು

ಉತ್ತರ: ನಿಮ್ಮ ಹೆದರಿಕೆ ಸಹಜವಾದದ್ದು, ಅದನ್ನು ತಳ್ಳಿಹಾಕುವುದಕ್ಕೆ ನಾನು ಹೋಗುವುದಿಲ್ಲ. ಮೊದಲಿಗೆ ಟಯರಿನ ವಿಷಯ ನೋಡೋಣ. ಓಟಪಥದ ಸೈಕಲ್ಲಿಗೆ ಬಹುಕಾಲದಿಂದ ಹಾಕಿಕೊಂಡು ಬಂದಿರುವುದು ಟ್ಯೂಬುಲರ್ ಎಂಬ ಬಗೆಯ ಟಯರನ್ನು. ನಾವು ದಿನಾ ನೋಡುವ ಸೈಕಲ್ಲಿನಲ್ಲಿ ಟ್ಯೂಬು ಬೇರೆ, ಟಯರು ಬೇರೆ. ಟಯರಿನ ಅಂಚು ರಿಮ್ಮಿನ ಒಳತುಟಿಗೆ ಸಿಕ್ಕಿಕೊಂಡು ಕೂರುತ್ತದೆ. ಟ್ಯೂಬುಲರಿನಲ್ಲಿ ಹಾಗಿಲ್ಲ. ಹಳೆಯದೊಂದನ್ನು ಅಡ್ಡಕ್ಕೆ ಕೊಯ್ದು ನೋಡಿದರೆ, ತೆಳುವಾದ ಟ್ಯೂಬಿನ ಸುತ್ತ ಹತ್ತಿಯದೋ ಪಾಲಿಯೆಸ್ಟರಿನದೋ ಬಟ್ಟೆಯನ್ನು ಸುತ್ತಿ ಅಡಿಭಾಗದಲ್ಲಿ ದಾರದಿಂದ ಹೊಲಿದಿರುವುದು, ಆ ಹೊಲಿಗೆಯ ಮೇಲೆ ಬಟ್ಟೆಯ ಪಟ್ಟಿಯೊಂದನ್ನು ಅಂಟಿಸಿರುವುದು, ನೆಲಕ್ಕೆ ತಾಗುವ ಬದಿಯಲ್ಲಿ ಮಾತ್ರ ತೆಳ್ಳಗಿನ ರಬ್ಬರು ಇರುವುದು ಕಾಣುತ್ತದೆ. ಈ ಇಡೀ ಕೊಳವೆಯನ್ನು ರಿಮ್ಮಿನ ಮೇಲೆ ಹಿಡಿದಿಡುವುದು ಅಂಟು. ಒಳಗಿನ ಗಾಳಿಯ ಒತ್ತಡವೂ ಟಯರು ರಿಮ್ಮನ್ನು ಬಿಗಿಯಾಗಿ ತಬ್ಬುವುದಕ್ಕೆ ನೆರವಾಗುತ್ತದೆ. ಆದ್ದರಿಂದಲೇ ಗಾಳಿ ಹೋದ ಕ್ಷಣದಲ್ಲಿ ಅಂಟು ಗಟ್ಟಿಯಿದ್ದರೆ ಟಯರು ರಿಮ್ಮಿನಲ್ಲೇ ಉಳಿಯುತ್ತದೆ, ಅಂಟು ಹಳತಾಗಿದ್ದರೆ ಕಳಚಿಕೊಳ್ಳುತ್ತದೆ. ಸವಾರನನ್ನು ಬೀಳಿಸುವುದು ಎಷ್ಟೋ ಸಲ ಪಂಕ್ಚರ್ ಅಲ್ಲ, ಪಂಕ್ಚರಾದ ಮೇಲೆ ಕಳಚಿಕೊಂಡ ಟಯರು. ಈ ವ್ಯತ್ಯಾಸವನ್ನು ನಿಮ್ಮ ಮಗಳು ಮೊದಲ ದಿನವೇ ತಿಳಿದುಕೊಳ್ಳಬೇಕು.

ಇನ್ನು ಸಿಡಿಯುವ ಕಾರಣಗಳು. ಕಾರಿನ ಟಯರಿಗೆ 30ರಿಂದ 35 ಪಿಎಸ್‌ಐ ಗಾಳಿ ಹಾಕಿಸುತ್ತೇವೆ. ವೆಲೊಡ್ರೋಮಿನ ನುಣುಪಾದ ಮರದ ಮೇಲೆ ಓಡುವ ಟ್ಯೂಬುಲರಿಗೆ 150 ಪಿಎಸ್‌ಐ ದಾಟಿ ಹಾಕುವುದೂ ಉಂಟು. ಅಷ್ಟು ಒತ್ತಡದಲ್ಲಿರುವ ತೆಳು ಬಟ್ಟೆಯ ಪಕ್ಕೆಗೆ ಸಣ್ಣ ಗೀರು ಬಿದ್ದರೂ ಸಾಕು. ಹಿಂದೆ ಯಾರೋ ಬಿದ್ದಾಗ ಪೆಡಲು ಮರವನ್ನು ಕೆತ್ತಿ ಎಬ್ಬಿಸಿದ ಚಕ್ಕೆ, ಬಯಲಿನ ಕಾಂಕ್ರೀಟ್ ಪಥವಾದರೆ ಗಾಳಿಯಲ್ಲಿ ಬಂದು ಕೂತ ಹರಳು, ಸವೆದು ಬಟ್ಟೆ ಕಾಣತೊಡಗಿದ ರಬ್ಬರು, ವಾಲ್ವಿನ ಬುಡದಲ್ಲಿ ಹರಿದ ಟ್ಯೂಬು, ಟಯರಿನ ಮೇಲೆ ಬರೆದ ಮಿತಿಯನ್ನು ಮೀರಿ ಹೊಡೆದ ಗಾಳಿ – ಕಾರಣಗಳು ಇಂಥವೇ. ಈಚೆಗೆ ಹಲವು ತಂಡಗಳು ಟ್ಯೂಬು ಬೇರೆಯಿರುವ ಸಾಮಾನ್ಯ ಬಗೆಯ ಟಯರಿನ ಕಡೆಗೆ ಹೊರಳಿವೆ. ಅಲ್ಲಿ ಅಂಟಿನ ತೊಂದರೆಯಿಲ್ಲ, ಆದರೆ ಟಯರು ಹಾಕುವಾಗ ಟ್ಯೂಬಿನ ಒಂದು ಮಡಿಕೆ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡರೆ ಗಾಳಿ ತುಂಬಿದ ಸ್ವಲ್ಪ ಹೊತ್ತಿನಲ್ಲೇ ಪಟಾಕಿಯ ಸದ್ದಿನೊಂದಿಗೆ ಸಿಡಿಯುತ್ತದೆ. ಅಂಚಿಗೆ ಕೊಕ್ಕೆಯಿಲ್ಲದ ಹೊಸ ಬಗೆಯ ರಿಮ್ಮುಗಳಿಗೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮಾತ್ರ ಮಿತಿ. ರಸ್ತೆಯ ಚಕ್ರವನ್ನೇ ಓಟಪಥಕ್ಕೂ ಹಾಕಿಕೊಳ್ಳುವ ಹುಡುಗರು ಇದನ್ನು ಗಮನಿಸದೆ 110–120ರವರೆಗೂ ಗಾಳಿ ಹೊಡೆಯುವ ಅಪಾಯವಿದೆ.

ಬ್ರೇಕು ಇಲ್ಲದಿರುವುದಕ್ಕೂ ಒಂದು ನ್ಯಾಯವಿದೆ. ಈ ಸೈಕಲ್ಲಿನಲ್ಲಿ ಹಿಂಚಕ್ರ ಸುತ್ತುವವರೆಗೆ ಪೆಡಲು ಸುತ್ತುತ್ತಲೇ ಇರುತ್ತದೆ, ಇದನ್ನು ಫಿಕ್ಸೆಡ್ ಗೇರ್ ಎನ್ನುತ್ತಾರೆ. ಕಾಲಿನಿಂದ ಪೆಡಲನ್ನು ತಡೆಹಿಡಿದು ವೇಗ ಇಳಿಸಬೇಕೇ ಹೊರತು ಥಟ್ಟನೆ ನಿಲ್ಲಿಸಲಾಗದು. ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಗೇಣಿನಷ್ಟು ಅಂತರದಲ್ಲಿ ಓಡುವಾಗ ಯಾರಿಗೂ ಥಟ್ಟನೆ ನಿಲ್ಲಿಸುವ ಅನುಕೂಲ ಇಲ್ಲದಿರುವುದೇ ಎಲ್ಲರಿಗೂ ಕ್ಷೇಮ. ಇಬ್ಬಿಬ್ಬರ ಜೋಡಿಗಳು ಸರದಿಯಂತೆ ಓಡುವ ಒಲಿಂಪಿಕ್ಸಿನ ಮ್ಯಾಡಿಸನ್ ಓಟದಲ್ಲಿ 30ರಷ್ಟು ಸವಾರರು ಒಂದೇ ಪಥದಲ್ಲಿರುತ್ತಾರೆ, ಅವರಲ್ಲಿ ಒಬ್ಬರು ಬ್ರೇಕು ಹಿಡಿದರೆ ಆಗುವ ಅನಾಹುತವನ್ನು ನೀವೇ ಊಹಿಸಬಹುದು.

ಇನ್ನೊಂದು ಮಾತನ್ನು ಹೇಳಲೇಬೇಕು. ಈ ಕ್ರೀಡೆಯ ಹೆಸರಾಂತ ಅಪಘಾತಗಳ ಕಾರಣವನ್ನು ಹುಡುಕಿದರೆ ಟಯರು ಸಿಗುವುದು ಕಡಿಮೆ. 2006ರ ನವೆಂಬರಿನಲ್ಲಿ ಬೆಲ್ಜಿಯಮಿನ ಗೆಂಟ್ ನಗರದಲ್ಲಿ ಸ್ಪೇನಿನ ಇಸಾಕ್ ಗಾಲ್ವೆಜ್ ಇನ್ನೊಬ್ಬ ಸವಾರರಿಗೆ ಡಿಕ್ಕಿಯಾಗಿ ಕಟಾಂಜನಕ್ಕೆ ಅಪ್ಪಳಿಸಿ ತೀರಿಕೊಂಡರು. ಜರ್ಮನಿಯ ಒಲಿಂಪಿಕ್ ಚಾಂಪಿಯನ್ ಕ್ರಿಸ್ಟಿನಾ ಫೋಗೆಲ್ 2018ರ ಜೂನಿನಲ್ಲಿ ಕಾಟ್‌ಬುಸ್‌ನ ಕಾಂಕ್ರೀಟ್ ಪಥದಲ್ಲಿ ಅಭ್ಯಾಸ ಮಾಡುವಾಗ ಪಥದ ಮೇಲಿದ್ದ ಮತ್ತೊಬ್ಬ ಸವಾರರಿಗೆ ಡಿಕ್ಕಿ ಹೊಡೆದು ಬೆನ್ನುಹುರಿಗೆ ಪೆಟ್ಟಾಗಿ ನಡೆಯುವ ಶಕ್ತಿಯನ್ನೇ ಕಳೆದುಕೊಂಡರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾದ ಅಲೆಕ್ಸ್ ಪೋರ್ಟರ್ ಮುಖ ಅಡಿಯಾಗಿ ಬಿದ್ದದ್ದು ಹ್ಯಾಂಡಲ್ ಮುರಿದು. ಗುಂಪಿನ ಓಟಗಳಲ್ಲಿ ಬೀಳಿಸುವ ಸಾಮಾನ್ಯ ಕಾರಣವೆಂದರೆ ಹಿಂದಿನವರ ಮುಂಚಕ್ರ ಮುಂದಿನವರ ಹಿಂಚಕ್ರಕ್ಕೆ ಪಕ್ಕದಿಂದ ತಾಗುವುದು. ಬೇರೆಯವರ ಚಕ್ರ ಯಾವಾಗ ಹೇಗೆ ಹೊರಳುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಟಯರು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ, ಓಟಕ್ಕೆ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುವ ಸವಾರನಿಗೆ ಸಿಡಿಯುವ ಭಯ ಬಹುಪಾಲು ಕಡಿಮೆಯಾಗುತ್ತದೆ.

ಆದ್ದರಿಂದ ಮಗಳನ್ನು ಕಳಿಸಿ ಎಂದೇ ನನ್ನ ಅಭಿಪ್ರಾಯ. ತಿರುವನಂತಪುರದ ಕಾರ್ಯವಟ್ಟಂನಲ್ಲಿರುವ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿನ ವೆಲೊಡ್ರೋಮ್ ಬಯಲಿನ ಕಾಂಕ್ರೀಟ್ ಪಥ. ಅಲ್ಲಿ ಬಿದ್ದರೆ ಚರ್ಮ ತರಚುವುದು ಹೆಚ್ಚು. ಮರದ ಚಕ್ಕೆ ಚುಚ್ಚುವ ಭಯವಿಲ್ಲ. ಕಳಿಸುವ ಮೊದಲು ತರಬೇತುದಾರರನ್ನು ಸಂಕೋಚವಿಲ್ಲದೆ ಕೇಳಿ: ಮಕ್ಕಳಿಗೆ ಕೊಡುವ ಚಕ್ರಗಳ ಟಯರನ್ನು ಅಂಟಿಸುವವರು ಯಾರು, ಕಡೆಯ ಸಲ ಅಂಟಿಸಿದ್ದು ಯಾವಾಗ, ಮಳೆ ಬಂದು ಪಥ ಒದ್ದೆಯಾದರೆ ಅಭ್ಯಾಸ ನಿಲ್ಲಿಸುತ್ತಾರೋ ಇಲ್ಲವೋ, ಹೊಸಬರನ್ನು ಎಷ್ಟು ದಿನ ಗುಂಪಿಗೆ ಸೇರಿಸದೆ ಒಬ್ಬೊಬ್ಬರನ್ನೇ ಓಡಿಸುತ್ತಾರೆ. ಇವಕ್ಕೆ ನೇರವಾದ ಉತ್ತರ ಕೊಡುವ ತರಬೇತುದಾರರ ಕೈಗೆ ಮಗಳನ್ನು ಒಪ್ಪಿಸಬಹುದು.

ಪ್ರಶ್ನೆ: ರಸ್ತೆಯಲ್ಲಿ ಸೈಕಲ್ ಪಂಕ್ಚರಾದರೆ ನಿಲ್ಲಿಸಿ ಇಳಿಯುತ್ತೇವೆ. ವೆಲೊಡ್ರೋಮಿನ ತಿರುವಿನಲ್ಲಿ ಮಾತ್ರ ಬಿದ್ದೇ ಬೀಳುವುದೇಕೆ? ಇದು ಜಾತ್ರೆಯ ಮರಣಬಾವಿಯ ಲೆಕ್ಕವೇ? – ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಮರಣಬಾವಿಗೂ ಇದಕ್ಕೂ ಹೋಲಿಕೆ ಇದೆ, ಮುಖ್ಯವಾದ ವ್ಯತ್ಯಾಸವೂ ಇದೆ. ಬಾವಿಯ ಗೋಡೆ ನೆಟ್ಟಗಿರುವುದರಿಂದ ಅಲ್ಲಿ ಸವಾರನ ಇಡೀ ಭಾರವನ್ನು ಹೊರುವುದು ಟಯರು ಮತ್ತು ಹಲಗೆಯ ನಡುವಿನ ಘರ್ಷಣೆ. ವೆಲೊಡ್ರೋಮಿನ ತಿರುವು 42ರಿಂದ 45 ಡಿಗ್ರಿಯಷ್ಟು ಓರೆಯಾಗಿರುತ್ತದೆ. 250 ಮೀಟರ್ ಪಥದ ತಿರುವಿನ ತ್ರಿಜ್ಯವನ್ನು 22 ಮೀಟರ್ ಎಂದು ಹಿಡಿದು ಲೆಕ್ಕ ಮಾಡಿದರೆ, ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನಲ್ಲಿ ಸೈಕಲ್ಲು ಪಥಕ್ಕೆ ಸರಿಯಾಗಿ ಲಂಬವಾಗಿ ನಿಲ್ಲುತ್ತದೆ. ಆಗ ಪಕ್ಕಕ್ಕೆ ಹಿಡಿದುಕೊಳ್ಳುವ ಕೆಲಸ ಟಯರಿಗೆ ಬಹುಮಟ್ಟಿಗೆ ಇರುವುದೇ ಇಲ್ಲ. ವೇಗ 70ಕ್ಕೆ ಏರಿದಾಗ ಸವಾರ ಸುಮಾರು 60 ಡಿಗ್ರಿ ವಾಲಬೇಕಾಗುತ್ತದೆ. ಪಥ ಕೊಡುವುದು 45 ಡಿಗ್ರಿ, ಉಳಿದ 15 ಡಿಗ್ರಿಯ ಪಕ್ಕದ ಎಳೆತವನ್ನು ಟಯರೇ ತಡೆದುಕೊಳ್ಳಬೇಕು. ಅದೇ ಹೊತ್ತಿಗೆ ಸವಾರನ ಭಾರ ಎರಡರಷ್ಟಾದಂತೆ ಚಕ್ರಗಳ ಮೇಲೆ ಒತ್ತಡ ಬೀಳುತ್ತದೆ. ಉನ್ನತ ಮಟ್ಟದ ಸ್ಪ್ರಿಂಟಿನಲ್ಲಿ ಇದಕ್ಕೂ ಹೆಚ್ಚು; 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೆದರ್ಲೆಂಡ್ಸಿನ ಹ್ಯಾರಿ ಲಾವ್ರೇಸನ್ 200 ಮೀಟರನ್ನು 9.088 ಸೆಕೆಂಡಿನಲ್ಲಿ ಮುಗಿಸಿದರು, ಅಂದರೆ ಗಂಟೆಗೆ 79 ಕಿಲೋಮೀಟರಿಗೂ ಮಿಕ್ಕಿದ ವೇಗ.

ಈ ಸ್ಥಿತಿಯಲ್ಲಿ ಮುಂದಿನ ಟಯರಿನ ಗಾಳಿ ಹೋಯಿತೆಂದು ಇಟ್ಟುಕೊಳ್ಳಿ. ಎರಡು ಪಟ್ಟು ಭಾರದ ಕೆಳಗೆ ಟಯರು ಚಪ್ಪಟೆಯಾಗಿ ಪಕ್ಕಕ್ಕೆ ಹೊರಳುತ್ತದೆ, ಕಾರ್ಬನ್ ರಿಮ್ಮು ನೇರವಾಗಿ ನುಣುಪಾದ ಮರಕ್ಕೆ ತಾಗುತ್ತದೆ. ಆ ಎರಡರ ನಡುವೆ ಹಿಡಿತವೆಂಬುದು ಹೆಸರಿಗೆ ಮಾತ್ರ. ದಿಕ್ಕನ್ನೂ ಸಮತೋಲವನ್ನೂ ಕಾಯುವುದು ಮುಂಚಕ್ರವಾದ್ದರಿಂದ ಸವಾರನಿಗೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಿಂದಿನ ಟಯರಾದರೆ ಬಾಲ ಅತ್ತಿತ್ತ ಒಲೆಯುತ್ತದೆ, ಆದರೂ ಅಂಟು ಗಟ್ಟಿಯಿದ್ದರೆ ಅನುಭವಿಗಳು ಎಷ್ಟೋ ಸಲ ಬೀಳದೆ ಪಾರಾಗುತ್ತಾರೆ. ಆಗ ಮಾಡಬೇಕಾದದ್ದು ಇಷ್ಟು: ಇರುವ ಗೆರೆಯನ್ನು ಬಿಡದೆ, ಪೆಡಲನ್ನು ಥಟ್ಟನೆ ತಡೆಯದೆ, ತಿರುವು ಮುಗಿದು ನೇರ ಭಾಗ ಬರುವವರೆಗೆ ಕಾಯಬೇಕು, ಹಿಂದೆ ಯಾರೂ ಇಲ್ಲವೆಂದು ಭುಜದ ಮೇಲಿಂದ ನೋಡಿಕೊಂಡು ನಿಧಾನವಾಗಿ ಕೆಳಗಿಳಿಯಬೇಕು. ತಿರುವಿನಲ್ಲೇ ನಿಲ್ಲಿಸಲು ಹೊರಟರೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ವೇಗ ತೀರಾ ಇಳಿದಾಗ ಸೈಕಲ್ಲು ನೆಟ್ಟಗಾಗಿ, ಮೇಲ್ಬದಿಯ ಅಂದರೆ ಬಲಗಡೆಯ ಪೆಡಲು ಪಥಕ್ಕೆ ಬಡಿಯುತ್ತದೆ, ಟಯರು ಕೆಳಮುಖವಾಗಿ ಜಾರುತ್ತದೆ. ಹೊಸಬರು ಬೀಳುವುದರಲ್ಲಿ ಒಂದು ಭಾಗ ಹೀಗೆ ವೇಗ ಕಡಿಮೆಯಾಗಿ ಬೀಳುವುದೇ.

ಪ್ರಶ್ನೆ: ಪರಿಚಯದವರೊಬ್ಬರಿಂದ ಟ್ಯೂಬುಲರ್ ಟಯರಿನ ಹಳೆಯ ಚಕ್ರಗಳನ್ನು ಕೊಂಡಿದ್ದೇನೆ. ಕೆಲವು ವರ್ಷ ಅಟ್ಟದಲ್ಲಿದ್ದವಂತೆ. ಗಾಳಿ ನಿಲ್ಲುತ್ತದೆ. ಹಾಗೇ ಬಳಸಬಹುದೇ? – ಒಬ್ಬ ಸೈಕ್ಲಿಸ್ಟ್, ಕಂಕನಾಡಿ

ಉತ್ತರ: ಬಳಸಬೇಡಿ. ಗಾಳಿ ನಿಂತ ಮಾತ್ರಕ್ಕೆ ಟಯರು ರಿಮ್ಮಿನಲ್ಲಿ ನಿಲ್ಲುತ್ತದೆ ಎನ್ನುವಂತಿಲ್ಲ. ಇದನ್ನು ನೀವೇ ಪರೀಕ್ಷಿಸಬಹುದು. ಗಾಳಿಯನ್ನು ಪೂರ್ತಿ ಬಿಟ್ಟು, ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಹೆಬ್ಬೆರಳುಗಳಿಂದ ಟಯರಿನ ಪಕ್ಕೆಯನ್ನು ಆಚೆಗೆ ದೂಡುತ್ತ ಸುತ್ತಲೂ ಬನ್ನಿ. ಅಡಿಯ ಪಟ್ಟಿ ಎಲ್ಲಾದರೂ ಒಂದು ಕಡೆ ರಿಮ್ಮಿನಿಂದ ಎದ್ದು ಒಳಗಿನ ಒಣ ಅಂಟು ಕಂಡಿತೋ, ಅದು ಓಡಿಸಬಾರದ ಚಕ್ರ. ವಾಲ್ವಿನ ಅಕ್ಕಪಕ್ಕವನ್ನು ವಿಶೇಷವಾಗಿ ನೋಡಿ, ಅಂಟು ಹಾಕುವಾಗ ಕೈ ತಪ್ಪುವುದು ಅಲ್ಲಿಯೇ ಹೆಚ್ಚು. ಪಕ್ಕೆಯ ಬಟ್ಟೆಯನ್ನು ಬೆರಳಿನಿಂದ ಹಿಂಡಿದಾಗ ನೂಲು ಕಿತ್ತು ಬಂದರೆ ಅಥವಾ ಕಪ್ಪು ಚುಕ್ಕೆಗಳಿದ್ದರೆ ಟಯರನ್ನೇ ಎಸೆಯುವುದು ಲೇಸು. ಮಂಗಳೂರಿನ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೂ ಚಪ್ಪಲಿಗೂ ಬೂಷ್ಟು ಬರುವಾಗ ಹತ್ತಿಯ ಪಕ್ಕೆಗೆ ಬಾರದಿರುವುದಿಲ್ಲ. ಬೇಸಗೆಯಲ್ಲಿ ಹಂಚಿನ ಕೆಳಗಿನ ಅಟ್ಟದ ಸೆಕೆಯಂತೂ ಅಂಟನ್ನೂ ರಬ್ಬರನ್ನೂ ಒಟ್ಟಿಗೇ ಹಾಳುಮಾಡುತ್ತದೆ.

ಹೊಸದಾಗಿ ಅಂಟಿಸುವುದಾದರೆ ಅವಸರ ಸಲ್ಲದು. ಮೊದಲು ಅಂಟಿಲ್ಲದೆ ಟಯರನ್ನು ರಿಮ್ಮಿಗೇರಿಸಿ ಗಾಳಿ ತುಂಬಿ ಒಂದು ದಿನ ಹಿಗ್ಗಲು ಬಿಡಬೇಕು. ರಿಮ್ಮಿನ ಹಳೆಯ ಅಂಟನ್ನು ಕೆರೆದು, ಜಿಡ್ಡಿಲ್ಲದಂತೆ ಒರೆಸಿ, ಟ್ಯೂಬುಲರಿಗೆಂದೇ ತಯಾರಾದ ಅಂಟನ್ನು ತೆಳುವಾಗಿ ರಿಮ್ಮಿಗೂ ಅಡಿಪಟ್ಟಿಗೂ ಸವರಿ ರಾತ್ರಿಯಿಡೀ ಒಣಗಿಸಬೇಕು. ಮರುದಿನ ಇನ್ನೊಂದು ಪದರ ಸವರಿ ಒಣಗಿಸಿ, ಕೊನೆಯ ತೆಳುಪದರ ಹಸಿಯಾಗಿರುವಾಗಲೇ ವಾಲ್ವಿನಿಂದ ಶುರುಮಾಡಿ ಎರಡೂ ಕಡೆಗೆ ಎಳೆಯುತ್ತ ಟಯರನ್ನು ಕೂರಿಸಬೇಕು. ಅಡಿಪಟ್ಟಿ ರಿಮ್ಮಿನ ಎರಡೂ ಬದಿಗೆ ಸಮವಾಗಿ ಕಾಣುವಂತೆ ಸರಿಪಡಿಸಿ, ಗಾಳಿ ತುಂಬಿ 24 ಗಂಟೆ ಮುಟ್ಟದೆ ಇಡಬೇಕು. ಆಷಾಢದ ಮಳೆಯಲ್ಲಿ ಪದರಗಳು ಒಣಗಲು ಇನ್ನೂ ಹೆಚ್ಚು ಸಮಯ ಬೇಕು. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಟ್ಯೂಬಿನ ಮೇಲೆ ತೇಪೆ ಹಚ್ಚುವುದಕ್ಕೆ ಆಗುತ್ತದೆಯೇ ಹೊರತು ಈ ಕೆಲಸಕ್ಕೆ ಅದು ಖಂಡಿತ ಆಗದು. ಒಮ್ಮೆಯೂ ಮಾಡಿ ಗೊತ್ತಿಲ್ಲದಿದ್ದರೆ ಬಲ್ಲವರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ಕಲಿಯಿರಿ. ಒಳಗಿನ ಟ್ಯೂಬು ಲ್ಯಾಟೆಕ್ಸಿನದಾದರೆ ಕೆಲವು ಗಂಟೆಗಳಲ್ಲೇ ಗಾಳಿ ಇಳಿಯುವುದು ಅದರ ಸ್ವಭಾವ, ಆದ್ದರಿಂದ ಪ್ರತಿ ಅಭ್ಯಾಸಕ್ಕೂ ಮೊದಲು ಗೇಜ್ ಇಟ್ಟು ನೋಡಬೇಕು.

ಪ್ರಶ್ನೆ: ಓಟಪಥದ ಮರದ ಚಕ್ಕೆ ಸವಾರರ ಮೈಗೆ ಹೊಕ್ಕುವುದು ನಿಜವೇ? ಹಾಗಾದರೆ ಪ್ರಥಮ ಚಿಕಿತ್ಸೆ ಏನು? – ನರ್ಸಿಂಗ್ ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ನಿಜ. 2011ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರಿನ ವಿಶ್ವಕಪ್ ಕೂಟದ ಕೀರಿನ್ (ಮೋಟಾರು ಸೈಕಲ್ಲಿನ ಹಿಂದೆ ಶುರುವಾಗಿ ಕೊನೆಗೆ ಸ್ಪ್ರಿಂಟಾಗುವ ಓಟ) ಫೈನಲಿನಲ್ಲಿ ಮಲೇಷ್ಯಾದ ಅಜೀಜುಲ್‌ಹಸ್ನಿ ಅವಾಂಗ್ ಬಿದ್ದಾಗ ಸುಮಾರು 20 ಸೆಂಟಿಮೀಟರ್ ಉದ್ದದ ಚಕ್ಕೆಯೊಂದು ಅವರ ಮೀನಖಂಡದ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಹೊರಬಂದಿತ್ತು. ಅವರು ಎದ್ದು ಸೈಕಲ್ಲೇರಿ ಮೂರನೆಯವರಾಗಿ ಗೆರೆ ದಾಟಿದರು. ಚಕ್ಕೆಯನ್ನು ಆಮೇಲೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಲಾಯಿತು. ಅದೇ ಅವಾಂಗ್ 2017ರಲ್ಲಿ ಕೀರಿನ್ ವಿಶ್ವ ಚಾಂಪಿಯನ್ ಆದರು, ಟೋಕಿಯೊದಲ್ಲಿ ಬೆಳ್ಳಿ ಗೆದ್ದರು.

ದೊಡ್ಡ ಚಕ್ಕೆಯನ್ನು ಪಥದ ಬದಿಯಲ್ಲಿ ಯಾರೂ ಎಳೆದು ತೆಗೆಯಬಾರದು. ರಕ್ತನಾಳವನ್ನು ಅದೇ ಒತ್ತಿ ಮುಚ್ಚಿರಬಹುದು, ಎಳೆದೊಡನೆ ರಕ್ತ ಚಿಮ್ಮಬಹುದು. ಎರಡೂ ಬದಿಗೆ ಬಟ್ಟೆಯ ಸುರುಳಿ ಇಟ್ಟು ಅಲುಗದಂತೆ ಕಟ್ಟಿ ಆಸ್ಪತ್ರೆಗೆ ಸಾಗಿಸಬೇಕು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಇನ್ನೊಂದು ಸಂಗತಿಯಿದೆ: ಮರದ ಚೂರು ಎಕ್ಸ್‌ರೇಯಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ, ಅಲ್ಟ್ರಾಸೌಂಡ್ ಮಾಡಿ ಹುಡುಕಬೇಕಾಗುತ್ತದೆ. ಎಕ್ಸ್‌ರೇ ಸರಿಯಿದೆ ಎಂದು ಗಾಯ ಹೊಲಿದುಬಿಟ್ಟರೆ ಒಳಗುಳಿದ ಚೂರು ಮುಂದೆ ಕೀವಾಗಿ ಕಾಡುತ್ತದೆ. ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬಾರದು. ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿದ್ದರೆ, ಉಸಿರಾಟಕ್ಕೆ ತೊಂದರೆ ಇಲ್ಲದಿರುವವರೆಗೆ ತರಬೇತಿ ಇಲ್ಲದವರು ಹೆಲ್ಮೆಟ್ ಕಳಚಲು ಹೋಗದೆ ತಲೆಯನ್ನು ಅಲುಗದಂತೆ ಹಿಡಿದಿರಬೇಕು. ತಲೆಗೆ ಪೆಟ್ಟಾದ ಸವಾರ ತಾನು ಸರಿಯಿದ್ದೇನೆಂದು ಎಷ್ಟೇ ಹೇಳಿದರೂ ಆ ದಿನ ಮತ್ತೆ ಸೈಕಲ್ ಹತ್ತಿಸಕೂಡದು. ಈ ವಿಷಯದಲ್ಲಿ ತರಬೇತುದಾರರ ಒತ್ತಾಯಕ್ಕೆ ಮಣಿಯಬೇಡಿ.

ಪ್ರಶ್ನೆ: ಬ್ರೇಕಿಲ್ಲದ ಓಟಪಥದ ಸೈಕಲ್ಲನ್ನೇ ಅಭ್ಯಾಸಕ್ಕಾಗಿ ಹೆದ್ದಾರಿಯಲ್ಲಿ ಓಡಿಸಿದರೆ ತಪ್ಪೇ? – ಓದುಗ, ಪುತ್ತೂರು

ಉತ್ತರ: ದಯವಿಟ್ಟು ಮಾಡಬೇಡಿ. ಓಟಪಥದಲ್ಲಿ ಬ್ರೇಕಿಲ್ಲದಿರುವುದು ಕ್ಷೇಮವಾಗುವುದು ಅಲ್ಲಿ ಯಾರಿಗೂ ಬ್ರೇಕಿಲ್ಲದಿರುವುದರಿಂದ, ಎಲ್ಲರೂ ಒಂದೇ ದಿಕ್ಕಿಗೆ ಓಡುವುದರಿಂದ. ಘಟ್ಟದ ಇಳಿತದಲ್ಲಿ ಎದುರಿಗೆ ಬಸ್ಸು ಬಂದಾಗ ಆ ಮಾತು ನಿಲ್ಲುವುದಿಲ್ಲ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ಬ್ರೇಕಿರುವ ಸೈಕಲ್ಲಿನಲ್ಲಿ ರಸ್ತೆಯ ಅಭ್ಯಾಸ ಮಾಡಿ. ಫಿಕ್ಸೆಡ್ ಗೇರಿನ ಕಾಲಿನ ಲಯ ಬೇಕಿದ್ದರೆ ಮನೆಯೊಳಗೆ ರೋಲರಿನ, ಅಂದರೆ ಸೈಕಲ್ಲನ್ನು ನಿಂತಲ್ಲೇ ಓಡಿಸುವ ಉರುಳೆಗಳ ಮೇಲೆ ಕಲಿಯಬಹುದು.

ಪ್ರಶ್ನೆ: ಮುಂದೆ ಎಂದಾದರೂ ದಿಲ್ಲಿಯ ವೆಲೊಡ್ರೋಮಿನಲ್ಲಿ ಪಂದ್ಯ ನೋಡುವ ಆಸೆಯಿದೆ. ಪ್ರೇಕ್ಷಕರಿಗೂ ಅಪಾಯವಿದೆಯೇ? – ನಿವೃತ್ತ ಶಿಕ್ಷಕ, ಕುಂದಾಪುರ

ಉತ್ತರ: ಅಪರೂಪಕ್ಕೆ ಇದೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಸೈಕಲ್ ಓಟಗಳು ಲಂಡನ್ನಿನ ಲೀ ವ್ಯಾಲಿ ವೆಲೊಡ್ರೋಮಿನಲ್ಲಿ ನಡೆದವು. ಜುಲೈ 31ರಂದು, ಎಲ್ಲರೂ ಒಟ್ಟಿಗೆ ಹೊರಡುವ ಸ್ಕ್ರ್ಯಾಚ್ ಓಟದ ಅರ್ಹತಾ ಸುತ್ತಿನಲ್ಲಿ ಹಲವರು ಒಟ್ಟಿಗೆ ಬಿದ್ದಾಗ ಇಂಗ್ಲೆಂಡಿನ ಮ್ಯಾಟ್ ವಾಲ್ಸ್ ತಿರುವಿನ ಮೇಲಂಚಿನ ತಡೆಯನ್ನು ದಾಟಿ ಪ್ರೇಕ್ಷಕರ ನಡುವೆ ಹೋಗಿ ಬಿದ್ದರು, ಪ್ರೇಕ್ಷಕರಿಗೂ ಗಾಯಗಳಾದವು. ಮರುದಿನ ಅದೇ ಪಥದಲ್ಲಿ ಮಹಿಳೆಯರ ಸ್ಕ್ರ್ಯಾಚ್ ಓಟದಲ್ಲಿ ನಮ್ಮ ಮೀನಾಕ್ಷಿ ಜಾರಿ ಬಿದ್ದು, ಹಿಂದಿನಿಂದ ಬಂದ ನ್ಯೂಜಿಲೆಂಡಿನ ಸವಾರರ ಸೈಕಲ್ಲು ಅವರ ಮೇಲೆ ಹಾದುಹೋಯಿತು. ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು ಸಾಗಿಸಬೇಕಾಯಿತು. ದಿಲ್ಲಿಯ ಇಂದಿರಾ ಗಾಂಧಿ ಸಂಕೀರ್ಣದ ಪಥ 2010ರ ಕಾಮನ್‌ವೆಲ್ತ್ ಕೂಟಕ್ಕಾಗಿ ಕಟ್ಟಿದ 250 ಮೀಟರಿನ ಮರದ ಪಥ. 2022ರ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಭಾರತದ ರೊನಾಲ್ಡೊ ಸಿಂಗ್ ಸ್ಪ್ರಿಂಟಿನ ಬೆಳ್ಳಿ ಗೆದ್ದದ್ದು ಇಲ್ಲಿಯೇ. ಖಂಡಿತ ಹೋಗಿ ನೋಡಿ. ತಿರುವಿನ ಅಂಚಿಗೆ ತಾಗಿದ ಮೊದಲ ಸಾಲನ್ನು ಬಿಟ್ಟು ನೇರ ಭಾಗದ ಮೇಲಿನ ಸಾಲುಗಳಲ್ಲಿ ಕುಳಿತರೆ ಓಟವೂ ಪೂರ್ತಿ ಕಾಣುತ್ತದೆ. ಕಟಕಟೆಯ ಮೇಲೆ ಕೈ, ಚೀಲ, ಮೊಬೈಲು ಚಾಚಬೇಡಿ.

ಪ್ರಶ್ನೆ: ಓಟದ ನಡುವೆ ಟಯರು ಪಂಕ್ಚರಾದರೆ ಆ ಸವಾರ ಸೋತಂತೆಯೇ? – ಓದುಗ, ಮೂಡುಬಿದಿರೆ

ಉತ್ತರ: ಅಲ್ಲ. ಬೀಳುವುದು, ಪಂಕ್ಚರಾಗುವುದು, ಸೈಕಲ್ಲಿನ ಮುಖ್ಯ ಭಾಗ ಮುರಿಯುವುದು – ಇವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮಗಳು ಮಾನ್ಯವಾದ ಅವಘಡವೆಂದು ಒಪ್ಪುತ್ತವೆ. ಸ್ಕ್ರ್ಯಾಚ್, ಪಾಯಿಂಟ್ಸ್ ಮುಂತಾದ ಗುಂಪಿನ ಓಟಗಳಲ್ಲಿ ಅಂಥ ಸವಾರರಿಗೆ 1,300 ಮೀಟರಿಗೆ ಹತ್ತಿರವಾಗುವಷ್ಟು ಸುತ್ತುಗಳ, ಅಂದರೆ 250 ಮೀಟರ್ ಪಥದಲ್ಲಿ 5 ಸುತ್ತುಗಳ ವಿನಾಯಿತಿ ಸಿಗುತ್ತದೆ. ಅಷ್ಟರೊಳಗೆ ಚಕ್ರವನ್ನೋ ಸೈಕಲ್ಲನ್ನೋ ಬದಲಿಸಿಕೊಂಡು, ತಾವು ಮೊದಲಿದ್ದ ಸ್ಥಾನಕ್ಕೇ ಬಂದು ಸೇರಿಕೊಳ್ಳಬಹುದು. ಮ್ಯಾಡಿಸನಿನಲ್ಲಿ ಆ ಹೊತ್ತಿಗೆ ಜೊತೆಗಾರ ಓಟವನ್ನು ಮುಂದುವರಿಸುತ್ತಾನೆ. ಹ್ಯಾಂಡಲ್ ಮುರಿದು ಪೋರ್ಟರ್ ಬಿದ್ದ ಟೋಕಿಯೊ ಓಟದಲ್ಲೂ ಆಸ್ಟ್ರೇಲಿಯಾ ತಂಡಕ್ಕೆ ಮತ್ತೊಮ್ಮೆ ಓಡುವ ಅವಕಾಶ ದೊರೆತಿತ್ತು. ಗುಂಪಿನ ಓಟದ ಕೊನೆಯ ಒಂದು ಕಿಲೋಮೀಟರಿನಲ್ಲಿ ಮಾತ್ರ ಪಥದಿಂದ ಇಳಿದವರು ಮತ್ತೆ ಬಂದು ಸೇರಿಕೊಳ್ಳುವಂತಿಲ್ಲ.